ಲುಕಪ್ ಸೂತ್ರಗಳ ಬಳಕೆಯೂ ಅಂಕಿ ಅಂಶಗಳ ಪ್ರಾಮಾಣ್ಯವೂ

1. ಪೀಠಿಕೆ

ಇತಿಹಾಸದ ವ್ಯಾಸಂಗದಲ್ಲಿ ಅಂಕಿ ಅಂಶಗಳ ಸ್ಥಾನವು ದಿನೇ ದಿನೇ ಹಿರಿದಾಗುತ್ತಿರುವುದು ಸರ್ವವಿದಿತವಾದ ಸಂಗತಿ. ಜನಗಣತಿಯ ವರದಿಗಳು, ಕಂದಾಯದ ಲೆಕ್ಕಗಳು, ಶಾಸನಗಳ ಸೂಚಿಗಳು, ಗ್ರಾಮಗಳ ಯಾದಿಗಳು ಮೊದಲಾದುವನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಅಳವಡಿಸಿ, ಒಂದರೊಡನೊಂದನ್ನು ಹೋಲಿಸಿ ನೋಡುವ ಪದ್ಧತಿಯು ನಮ್ಮ ಕಾಲೇಜುಗಳಲ್ಲಿಯೂ ರೂಢಿಗೆ ಬಂದಿದೆ. ಬೇರೆ ಬೇರೆ ಪಟ್ಟಿಗಳಲ್ಲಿ ಚದುರಿರುವ ವಿಷಯಗಳನ್ನು ಒಂದೆಡೆಗೆ ತರುವ ಕಾರ್ಯವನ್ನು ಅಲ್ಲಿ ನೆರವೇರಿಸುವುವು 'ಲುಕಪ್' ಎಂಬ ಸೂತ್ರಗಳು. ಇವುಗಳ ಸ್ವರೂಪವೇನು, ಇವು ಎಲ್ಲಿ ದಾರಿ ತಪ್ಪಿಸುತ್ತವೆ, ಇವುಗಳಿಂದ ದೊರೆತ ಫಲವನ್ನು ಯಾವ ಪರೀಕ್ಷೆಗೆ ಒಳಪಡಿಸಿದ ಮೇಲೆ ಪ್ರಮಾಣವೆಂದು ಗ್ರಹಿಸಬಹುದು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಲುಕಪ್ ಸೂತ್ರದ ಕೆಲಸವು ಮೂಲತಃ ಸರಳವಾದುದು. ಒಂದು ಪಟ್ಟಿಯಲ್ಲಿ ಜಿಲ್ಲೆಯ ಹೆಸರೂ ಅಲ್ಲಿರುವ ಶಾಲೆಗಳ ಸಂಖ್ಯೆಯೂ ಇವೆಯೆಂದೂ, ಇನ್ನೊಂದರಲ್ಲಿ ಜಿಲ್ಲೆಯ ಹೆಸರೂ ಜನಸಂಖ್ಯೆಯೂ ಇವೆಯೆಂದೂ ಭಾವಿಸೋಣ. ಸೂತ್ರವು ಮೊದಲನೆಯ ಪಟ್ಟಿಯ ಹೆಸರನ್ನು ಸೂಚಕಪದವಾಗಿ ಹಿಡಿದು ಎರಡನೆಯ ಪಟ್ಟಿಗೆ ಹೋಗುತ್ತದೆ. ಆ ಪದವಿರುವ ಅಡ್ಡಸಾಲನ್ನು ಕಂಡುಹಿಡಿದು, ಅದೇ ಸಾಲಿನಲ್ಲಿರುವ ಜನಸಂಖ್ಯೆಯನ್ನು ತಂದು ಕೊಡುತ್ತದೆ. ನಿಘಂಟಿನಲ್ಲಿ ಪದವನ್ನು ಹುಡುಕಿ ಅರ್ಥವನ್ನು ಬರೆದುಕೊಳ್ಳುವ ಕ್ರಮವೇ ಇದು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ಸಿದ್ಧಪಡಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನಲ್ಲಿಯೇ ಇಂತಹ ಸೂತ್ರವೊಂದಿದ್ದಿತು. 1985ರಲ್ಲಿ ಬಂದ ಎಕ್ಸೆಲ್‌ನ ಮೂಲಕ 'ವಿಲುಕಪ್' ಎಂಬ ಸೂತ್ರವು ಬಹಳ ಜನರ ಕೈಗೆ ಸೇರಿತು. 2019ರಲ್ಲಿ ಅದೇ ಸಂಸ್ಥೆಯು 'ಎಕ್ಸ್‌ಲುಕಪ್' ಎಂಬ ಪರಿಷ್ಕೃತ ಸೂತ್ರವನ್ನು ಪ್ರಕಟಿಸಿತು. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್‌ಗಳಲ್ಲಿಯೂ ಈಗ ಇವೆರಡೂ ದೊರೆಯುತ್ತವೆ.

ಸೂತ್ರಕ್ಕೆ ಉತ್ತರ ದೊರೆಯದಿದ್ದಾಗ ಕೋಶದಲ್ಲಿ 'ಎನ್/ಎ' ಎಂಬ ದೋಷಸೂಚನೆ ಮೂಡುತ್ತದೆ. ಹೊಸಬರು ಇದನ್ನು ಕಂಡು ಅಂಜುವುದುಂಟು. ವಾಸ್ತವವಾಗಿ ಅಂಜತಕ್ಕದ್ದು ಇದಕ್ಕಲ್ಲ. 'ನನಗೆ ಸಿಕ್ಕಲಿಲ್ಲ' ಎಂದು ಹೇಳುವ ಸೂತ್ರವು ಪ್ರಾಮಾಣಿಕವಾದುದು. ಸಿಕ್ಕದಿದ್ದರೂ ಸಿಕ್ಕಿತೆಂಬಂತೆ ಒಂದು ಅಂಕಿಯನ್ನು ಮೌನವಾಗಿ ತಂದಿಡುವ ಸೂತ್ರದಿಂದಲೇ ಸಂಶೋಧನೆಗೆ ಹಾನಿ. ಮುಂದಿನ ವಿವೇಚನೆಯೆಲ್ಲವೂ ಈ ಭೇದವನ್ನೇ ಆಧರಿಸಿದೆ.

2. ನಿಖರವಾದ ಹುಡುಕುವಿಕೆ ಮತ್ತು ಸಮೀಪದ ಹುಡುಕುವಿಕೆ

ವಿಲುಕಪ್ ಸೂತ್ರಕ್ಕೆ ನಾಲ್ಕು ಅಂಗಗಳಿವೆ: ಹುಡುಕಬೇಕಾದ ಸೂಚಕಪದ, ಹುಡುಕಬೇಕಾದ ಪಟ್ಟಿಯ ವ್ಯಾಪ್ತಿ, ಉತ್ತರವಿರುವ ಕಂಬಸಾಲಿನ ಸಂಖ್ಯೆ, ಮತ್ತು ಹುಡುಕುವ ಬಗೆ. ನಾಲ್ಕನೆಯ ಅಂಗದಲ್ಲಿ 'ಫಾಲ್ಸ್' ಎಂದು ಬರೆದರೆ ಸೂಚಕಪದವು ಪೂರ್ಣವಾಗಿ ಹೊಂದಿದಾಗ ಮಾತ್ರ ಉತ್ತರ ಬರುತ್ತದೆ. 'ಟ್ರೂ' ಎಂದು ಬರೆದರೆ, ಅಥವಾ ಆ ಅಂಗವನ್ನು ಬಿಟ್ಟೇಬಿಟ್ಟರೆ, ಸೂತ್ರವು ಸಮೀಪದ ಉತ್ತರಕ್ಕೆ ತೃಪ್ತಿಪಡುತ್ತದೆ. ಬರೆಯುವವನು ಏನನ್ನೂ ಹೇಳದಿದ್ದರೆ ಸಡಿಲವಾದ ಬಗೆಯೇ ಜಾರಿಗೆ ಬರುವುದೆಂಬುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು.

ಸಮೀಪದ ಹುಡುಕುವಿಕೆಯು ಪಟ್ಟಿಯನ್ನು ಮೊದಲಿನಿಂದ ಕಡೆಯವರೆಗೆ ಓದುವುದಿಲ್ಲ. ನಿಘಂಟನ್ನು ನಡುವೆ ತೆರೆದು, ಬೇಕಾದ ಪದವು ಮುಂದಿದೆಯೋ ಹಿಂದಿದೆಯೋ ಎಂದು ನಿರ್ಣಯಿಸಿ, ಉಳಿದ ಅರ್ಧವನ್ನು ಮತ್ತೆ ನಡುವೆ ತೆರೆಯುವವನಂತೆ ಅದು ನಡೆದುಕೊಳ್ಳುತ್ತದೆ. ಪಟ್ಟಿಯು ಅಕ್ಷರಕ್ರಮದಲ್ಲಿದ್ದರೆ ಈ ಉಪಾಯವು ಸೊಗಸಾಗಿ ಫಲಿಸುತ್ತದೆ. ಪುಟಗಳು ಹಿಂದುಮುಂದಾಗಿ ಹೊಲಿದ ನಿಘಂಟಿನಲ್ಲಿ ಏನಾಗುವುದೋ ಕ್ರಮವಿಲ್ಲದ ಪಟ್ಟಿಯಲ್ಲಿಯೂ ಅದೇ ಆಗುತ್ತದೆ.

ಇದಕ್ಕೆ 2011ರ ಜನಗಣತಿಯಿಂದ ಒಂದು ಉದಾಹರಣೆಯನ್ನು ಕೊಡಬಹುದು. ಆ ಗಣತಿಯ ಕೋಷ್ಟಕಗಳಲ್ಲಿ ಕರ್ನಾಟಕದ 30 ಜಿಲ್ಲೆಗಳ ಹೆಸರುಗಳು ರೋಮನ್ ಲಿಪಿಯಲ್ಲಿದ್ದು, ಸಂಕೇತಸಂಖ್ಯೆಯ ಕ್ರಮದಲ್ಲಿವೆ, ಅಕ್ಷರಕ್ರಮದಲ್ಲಿಲ್ಲ. ಮೊದಲನೆಯದು ಬೆಳಗಾವಿ, ಏಳನೆಯದು ಗದಗ, ಹನ್ನೊಂದನೆಯದು ಬಳ್ಳಾರಿ, ಹದಿಮೂರನೆಯದು ದಾವಣಗೆರೆ, ಹದಿನಾಲ್ಕನೆಯದು ಶಿವಮೊಗ್ಗ, ಹದಿನೈದನೆಯದು ಉಡುಪಿ, ಇಪ್ಪತ್ತೆರಡನೆಯದು ಕೊಡಗು. ಇಲ್ಲಿ ಕೊಡಗಿನ ಜನಸಂಖ್ಯೆಯನ್ನು ಅರ್ಧಿಸುತ್ತ ಹೋಗುವ ಕ್ರಮದಿಂದ ಹುಡುಕೋಣ. ಪಟ್ಟಿಯ ನಡುವಿನಲ್ಲಿ ಹದಿನೈದನೆಯ ಸಾಲಾದ ಉಡುಪಿ ಸಿಕ್ಕುತ್ತದೆ. ರೋಮನ್ ಅಕ್ಷರಕ್ರಮದಲ್ಲಿ ಕೊಡಗು ಉಡುಪಿಗಿಂತ ಮೊದಲು ಬರತಕ್ಕದ್ದು. ಆದಕಾರಣ ಕೆಳಗಿನ ಅರ್ಧವೆಲ್ಲವೂ, ಅದರೊಡನೆ ಕೊಡಗಿನ ನಿಜವಾದ ಸಾಲೂ, ಆಗಲೇ ಕೈಬಿಟ್ಟುಹೋಯಿತು. ಉಳಿದ ಭಾಗದ ನಡುವೆ ಗದಗ. ಕೊಡಗು ಅದಕ್ಕಿಂತ ಮುಂದೆ. ಅನಂತರ ಬಳ್ಳಾರಿ, ಅದಕ್ಕಿಂತಲೂ ಮುಂದೆ. ಅನಂತರ ದಾವಣಗೆರೆ; ಅದಕ್ಕಿಂತಲೂ ಮುಂದೆ. ಕಡೆಗೆ ಶಿವಮೊಗ್ಗ; ಕೊಡಗು ಅದಕ್ಕಿಂತ ಹಿಂದೆ. ಹೀಗೆ ಹುಡುಕುವಿಕೆಯು ದಾವಣಗೆರೆಯಲ್ಲಿ ನಿಲ್ಲುತ್ತದೆ. ಕೊಡಗಿನ ಜನಸಂಖ್ಯೆ 5,54,519. ಉತ್ತರವಾಗಿ ಬರುವುದು ದಾವಣಗೆರೆಯ 19,45,497. ಯಾವ ದೋಷಸೂಚನೆಯೂ ಇಲ್ಲ. ಅಂಕಿಯು ಒಂದು ಜಿಲ್ಲೆಯ ಜನಸಂಖ್ಯೆಯಂತೆಯೇ ತೋರುತ್ತದೆ. ಇದನ್ನು ಆಧಾರವಾಗಿಟ್ಟುಕೊಂಡು ಕೊಡಗಿನ ಶಾಲೆಗಳ ಪ್ರಮಾಣವನ್ನು ಲೆಕ್ಕ ಹಾಕಿದರೆ ನಿಷ್ಕರ್ಷೆಯು ಮೂರೂವರೆ ಪಾಲು ತಪ್ಪಾಗುತ್ತದೆ.

ಆದ್ದರಿಂದ ಹೆಸರುಗಳನ್ನು ಹುಡುಕುವಾಗ ವಿಲುಕಪ್ಪಿನ ನಾಲ್ಕನೆಯ ಅಂಗವನ್ನು ಎಂದಿಗೂ ಬಿಡಕೂಡದು. ಎಕ್ಸ್‌ಲುಕಪ್‌ನಲ್ಲಿ ಏನನ್ನೂ ಹೇಳದಿದ್ದರೆ ನಿಖರವಾದ ಹುಡುಕುವಿಕೆಯೇ ನಡೆಯುವುದು ಒಂದು ಸುಧಾರಣೆ.

ಸೂತ್ರದ ರಚನೆಯಲ್ಲಿ ಇನ್ನೆರಡು ಎಚ್ಚರಿಕೆಗಳು ಅಗತ್ಯ. ಸೂತ್ರವನ್ನು ಕೆಳಗಿನ ಕೋಶಗಳಿಗೆ ನಕಲು ಮಾಡಿದಂತೆಲ್ಲ ಪಟ್ಟಿಯ ವ್ಯಾಪ್ತಿಯೂ ಒಂದೊಂದು ಸಾಲು ಕೆಳಕ್ಕೆ ಜಾರುತ್ತದೆ. ಡಾಲರ್ ಚಿಹ್ನೆಯಿಂದ ಅದನ್ನು ಸ್ಥಿರಪಡಿಸದಿದ್ದರೆ ಪಟ್ಟಿಯ ಮೇಲಿನ ಸಾಲುಗಳು ಒಂದೊಂದಾಗಿ ಹೊರಗುಳಿಯುತ್ತವೆ. ಎರಡನೆಯದಾಗಿ, ವಿಲುಕಪ್‌ನಲ್ಲಿ ಕಂಬಸಾಲನ್ನು 'ಮೂರನೆಯದು' ಎಂಬಂತೆ ಅಂಕಿಯಿಂದ ಸೂಚಿಸುವುದರಿಂದ, ಯಾರಾದರೂ ನಡುವೆ ಹೊಸ ಕಂಬಸಾಲೊಂದನ್ನು ಸೇರಿಸಿದರೆ ಒಟ್ಟು ಜನಸಂಖ್ಯೆಯ ಸ್ಥಾನದಲ್ಲಿ ಪುರುಷರ ಸಂಖ್ಯೆಯೋ ಮತ್ತೊಂದೋ ಬಂದು ಕುಳಿತುಬಿಡಬಹುದು. ಇಂಡೆಕ್ಸ್ ಮತ್ತು ಮ್ಯಾಚ್ ಎಂಬ ಸೂತ್ರಗಳನ್ನು ಜೊತೆಗೂಡಿಸಿ ಬಳಸಿದರೆ, ಅಥವಾ ಎಕ್ಸ್‌ಲುಕಪ್ಪನ್ನು ಬಳಸಿದರೆ, ಈ ಅಪಾಯವಿಲ್ಲ. ಅವು ಕಂಬಸಾಲನ್ನೇ ನೇರವಾಗಿ ಹಿಡಿಯುತ್ತವೆ.

3. ಸಮೀಪದ ಹುಡುಕುವಿಕೆಗೆ ಯೋಗ್ಯವಾದ ಸ್ಥಳ

ಹಾಗೆಂದ ಮಾತ್ರಕ್ಕೆ ಸಮೀಪದ ಹುಡುಕುವಿಕೆಯು ನಿರುಪಯುಕ್ತವೆಂದು ಭಾವಿಸಬಾರದು. ಒಂದು ವರ್ಷವನ್ನು ಕೊಟ್ಟು, ಅದು ಯಾರ ಆಡಳಿತಕಾಲಕ್ಕೆ ಸೇರಿತೆಂದು ತಿಳಿಯಬೇಕಾದಾಗ ಅದೇ ಸರಿಯಾದ ಸಾಧನ. ಅಧಿಕಾರ ವಹಿಸಿದ ವರ್ಷಗಳನ್ನು ಏರಿಕೆಯ ಕ್ರಮದಲ್ಲಿ ಬರೆದಿಟ್ಟರೆ, ಕೊಟ್ಟ ವರ್ಷಕ್ಕೆ ಸಮನಾದ ಅಥವಾ ಅದಕ್ಕಿಂತ ಹಿಂದಿನ ಅತಿ ಸಮೀಪದ ವರ್ಷವನ್ನು ಸೂತ್ರವು ಆರಿಸಿಕೊಳ್ಳುತ್ತದೆ.

ಆದರೆ ಪಟ್ಟಿಯಲ್ಲಿ ಇತಿಹಾಸದ ತೆರವುಗಳು ಕಾಣಿಸಿರಬೇಕು. ಮೈಸೂರು ಸಂಸ್ಥಾನದಲ್ಲಿ ಅರಸರು ಆಡಳಿತವನ್ನು ಪಡೆದ ವರ್ಷಗಳೆಂದು 1799 ಮುಮ್ಮಡಿ ಕೃಷ್ಣರಾಜ ಒಡೆಯರು, 1881 ಚಾಮರಾಜೇಂದ್ರ ಒಡೆಯರು, 1902 ನಾಲ್ವಡಿ ಕೃಷ್ಣರಾಜ ಒಡೆಯರು, 1940 ಜಯಚಾಮರಾಜ ಒಡೆಯರು ಎಂದು ನಾಲ್ಕೇ ಸಾಲುಗಳನ್ನು ಬರೆದೆವೆನ್ನೋಣ. 1875ನ್ನು ಕೊಟ್ಟು ಕೇಳಿದರೆ ಸೂತ್ರವು ಮುಮ್ಮಡಿಯವರ ಹೆಸರನ್ನು ಹೇಳುತ್ತದೆ. ಅವರು 1868ರಲ್ಲಿಯೇ ತೀರಿಕೊಂಡಿದ್ದರು. ಅದಕ್ಕೂ ಮಿಗಿಲಾಗಿ, 1831ರಿಂದ 1881ರವರೆಗೆ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. 1898ನ್ನು ಕೇಳಿದರೆ 1894ರಲ್ಲಿ ತೀರಿಕೊಂಡ ಚಾಮರಾಜೇಂದ್ರ ಒಡೆಯರ ಹೆಸರು ಬರುತ್ತದೆ. ಆ ನಡುವಣ ಕಾಲವು ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರೀಜೆನ್ಸಿಗೆ ಸೇರಿದ್ದು. 1960ನ್ನು ಕೇಳಿದರೂ ಜಯಚಾಮರಾಜ ಒಡೆಯರ ಹೆಸರೇ ಬರುತ್ತದೆ. ಪಟ್ಟಿಯ ಆರಂಭಕ್ಕಿಂತ ಹಿಂದಿನ 1790ನ್ನು ಕೇಳಿದಾಗ ಮಾತ್ರ ಸೂತ್ರವು ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತದೆ.

ಸಮೀಪದ ಹುಡುಕುವಿಕೆಗೆ ಆರಂಭಗಳು ಗೊತ್ತು, ಅಂತ್ಯಗಳು ಗೊತ್ತಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದುದರಿಂದ 1831ಕ್ಕೆ 'ಕಮಿಷನರುಗಳ ಆಡಳಿತ' ಎಂದೂ, 1894ಕ್ಕೆ 'ರೀಜೆನ್ಸಿ' ಎಂದೂ, ಸಂವಿಧಾನವು ಜಾರಿಗೆ ಬಂದ 1950ಕ್ಕೆ 'ಪಟ್ಟಿ ಮುಗಿಯಿತು' ಎಂದೂ ಪ್ರತ್ಯೇಕ ಸಾಲುಗಳನ್ನು ಸೇರಿಸಬೇಕು. ಅಧಿಕಾರವು ಬದಲಾದ ವರ್ಷದಲ್ಲಿಯೇ ಹುಟ್ಟಿದ ದಾಖಲೆಯನ್ನು ಮಾತ್ರ ಸೂತ್ರಕ್ಕೆ ಒಪ್ಪಿಸದೆ, ತಿಂಗಳನ್ನು ನೋಡಿ ಕೈಯಾರೆ ನಿರ್ಣಯಿಸುವುದು ಲೇಸು.

4. ಸೂಚಕಪದದ ಅನನ್ಯತೆ

ನಿಖರವಾದ ಹುಡುಕುವಿಕೆಯನ್ನು ಆರಿಸಿಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಒಂದೇ ಸೂಚಕಪದವು ಎರಡು ಸಾಲುಗಳಲ್ಲಿದ್ದರೆ ಸೂತ್ರವು ಮೊದಲು ಸಿಕ್ಕಿದ್ದನ್ನೇ ತೆಗೆದುಕೊಂಡು, ಎರಡನೆಯದು ಇದೆಯೆಂಬುದನ್ನೂ ತಿಳಿಸದೆ ನಿಲ್ಲುತ್ತದೆ. 2011ರ ಗಣತಿಯಲ್ಲಿ ಬಿಜಾಪುರವೆಂಬ ಜಿಲ್ಲೆ ಕರ್ನಾಟಕದಲ್ಲಿಯೂ ಇದ್ದಿತು, ಛತ್ತೀಸ್‌ಗಢದಲ್ಲಿಯೂ ಇದ್ದಿತು. ಅಖಿಲ ಭಾರತದ ಪಟ್ಟಿಯಲ್ಲಿ ಛತ್ತೀಸ್‌ಗಢದ ಸಂಕೇತ 22, ಕರ್ನಾಟಕದ ಸಂಕೇತ 29. ಆದಕಾರಣ ನಮ್ಮ ಬಿಜಾಪುರದ 21,77,331 ಜನರ ಬದಲು ಛತ್ತೀಸ್‌ಗಢದ ಬಿಜಾಪುರದ 2,55,230 ಜನರು ಉತ್ತರವಾಗಿ ಬರುತ್ತಾರೆ. ಔರಂಗಾಬಾದ್ ಬಿಹಾರದಲ್ಲಿಯೂ ಮಹಾರಾಷ್ಟ್ರದಲ್ಲಿಯೂ, ಹಮೀರ್‌ಪುರ ಹಿಮಾಚಲ ಪ್ರದೇಶದಲ್ಲಿಯೂ ಉತ್ತರ ಪ್ರದೇಶದಲ್ಲಿಯೂ, ಪ್ರತಾಪಗಢ ಉತ್ತರ ಪ್ರದೇಶದಲ್ಲಿಯೂ ರಾಜಸ್ಥಾನದಲ್ಲಿಯೂ ಅದೇ ಗಣತಿಯ ಜಿಲ್ಲೆಗಳಾಗಿದ್ದುವು. ಜಿಲ್ಲೆಗಳ ಪಾಡೇ ಹೀಗಿರುವಾಗ ಗ್ರಾಮಗಳ ಪಾಡನ್ನು ಹೇಳತಕ್ಕದ್ದೇನು? ಹೊಸಹಳ್ಳಿ, ಹೊಸೂರು, ರಾಂಪುರಗಳಿಗೆ ನಮ್ಮ ನಾಡಿನಲ್ಲಿ ಲೆಕ್ಕವಿಲ್ಲ.

ಇದಕ್ಕೆ ಪರಿಹಾರವು ಸಂಕೇತಸಂಖ್ಯೆಯನ್ನೇ ಸೂಚಕವಾಗಿ ಬಳಸುವುದು. ಅದು ದೊರೆಯದಿದ್ದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮಗಳ ಹೆಸರುಗಳನ್ನು ಒಟ್ಟುಗೂಡಿಸಿ ಒಂದೇ ಪದವಾಗಿ ಮಾಡಿಕೊಳ್ಳುವುದು. ಕೌಂಟಿಫ್ ಎಂಬ ಸೂತ್ರದಿಂದ ಪ್ರತಿಯೊಂದು ಸೂಚಕವೂ ಎಷ್ಟು ಸಲ ಬಂದಿದೆಯೆಂದು ಎಣಿಸಿ, ಒಂದಕ್ಕಿಂತ ಹೆಚ್ಚಾದುವನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಸಂಕೇತಸಂಖ್ಯೆಗಳಲ್ಲಿಯೂ ಒಂದು ಸೂಕ್ಷ್ಮವಿದೆ. 001 ಎಂದು ಪಠ್ಯರೂಪದಲ್ಲಿ ಬರೆದ ಸಂಕೇತವೂ 1 ಎಂಬ ಸಂಖ್ಯೆಯೂ ಸೂತ್ರದ ದೃಷ್ಟಿಯಲ್ಲಿ ಭಿನ್ನ. ಸ್ಪ್ರೆಡ್‌ಶೀಟು ಮುಂದಿನ ಸೊನ್ನೆಗಳನ್ನು ತಾನಾಗಿ ಅಳಿಸಿಹಾಕುವುದುಂಟಾದ್ದರಿಂದ, ಎರಡು ಪಟ್ಟಿಗಳಲ್ಲಿಯೂ ಸಂಕೇತದ ಕಂಬಸಾಲನ್ನು ಆರಂಭದಲ್ಲಿಯೇ ಪಠ್ಯರೂಪವೆಂದು ಗೊತ್ತುಪಡಿಸತಕ್ಕದ್ದು.

5. ಬರಹದ ವ್ಯತ್ಯಾಸಗಳು

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆಬೇರೆಯಾಗಿರಬಹುದು. ಪದದ ಕೊನೆಯಲ್ಲಿ ಉಳಿದ ತೆರಪನ್ನು ಟ್ರಿಮ್ ಎಂಬ ಸೂತ್ರವು ತೆಗೆದುಹಾಕುತ್ತದೆ. ಕನ್ನಡದಲ್ಲಿ ಬರೆದ ಪಟ್ಟಿಗಳಲ್ಲಿ ಇದಕ್ಕಿಂತ ಗೂಢವಾದ ತೊಡಕುಗಳಿವೆ. ಯೂನಿಕೋಡ್ ಸಂಕೇತದಲ್ಲಿ 'ಕೊ' ಎಂಬ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಹೀಗೆ ಎರಡು ಕೈಗಳಲ್ಲಿ ಬರೆದ 'ಕೊಡಗು' ಎಂಬ ಪದಗಳು ಒಂದಕ್ಕೊಂದು ಹೊಂದದೆ ಹೋಗಬಹುದು. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಚಿಹ್ನೆಯೂ ಇಂತಹುದೇ. ಅದನ್ನು ಟ್ರಿಮ್ ಸೂತ್ರವು ತೆಗೆಯಲಾರದು. ಎರಡು ಪದಗಳ ಅಕ್ಷರಸಂಖ್ಯೆಯನ್ನು ಲೆನ್ ಎಂಬ ಸೂತ್ರದಿಂದ ಎಣಿಸಿ ನೋಡಿದರೆ ಭೇದವು ಬಯಲಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಮತ್ತೊಂದು ಮಾತು. ಸಂದೇಹಾಸ್ಪದವಾದ ಪಾಠದ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವುದು ನಮ್ಮಲ್ಲಿ ವಾಡಿಕೆ. ಎಕ್ಸೆಲ್‌ನ ವಿಲುಕಪ್ ಸೂತ್ರವು ಸೂಚಕಪದದಲ್ಲಿರುವ ಆ ಚಿಹ್ನೆಯನ್ನು 'ಯಾವುದಾದರೂ ಒಂದು ಅಕ್ಷರ' ಎಂದೂ, ನಕ್ಷತ್ರಚಿಹ್ನೆಯನ್ನು 'ಎಷ್ಟಾದರೂ ಅಕ್ಷರಗಳು' ಎಂದೂ ಅರ್ಥಮಾಡಿಕೊಳ್ಳುತ್ತದೆ. ಆದ್ದರಿಂದ ಸಂದೇಹವನ್ನು ಸೂಚಿಸಲು ಪ್ರತ್ಯೇಕ ಕಂಬಸಾಲನ್ನೇ ಇಟ್ಟುಕೊಳ್ಳುವುದು ಉತ್ತಮ.

ಊರುಗಳ ಹೆಸರಿನ ಬರಹವೇ ಬದಲಾದಾಗ ತೊಡಕು ಇನ್ನೂ ಹಿರಿದಾಗುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ತಿದ್ದಲಾಯಿತು. ಆ ಪೈಕಿ ಬೆಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ, ಕಲಬುರಗಿ, ವಿಜಯಪುರ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು ಎಂಬ ಒಂಬತ್ತು ಹೆಸರುಗಳು ಜಿಲ್ಲೆಗಳಿಗೂ ಸಲ್ಲುತ್ತವೆ; ಬೆಂಗಳೂರು ಗ್ರಾಮಾಂತರವೂ ಸೇರಿ ಹತ್ತು ಜಿಲ್ಲೆಗಳಾಗುತ್ತವೆ. 2011ರ ಗಣತಿಯ ಕೋಷ್ಟಕಗಳಲ್ಲಿರುವುದು ಹಳೆಯ ಬರಹ. ಹೊಸ ಬರಹವನ್ನು ಸೂಚಕವಾಗಿ ಹಿಡಿದು ಹುಡುಕಿದರೆ ಹತ್ತು ಜಿಲ್ಲೆಗಳ ಮುಂದೆಯೂ ದೋಷಸೂಚನೆ ಬರುತ್ತದೆ, ಬರುವುದೇ ಸರಿ. ಆದರೆ ಪಟ್ಟಿಯ ಅಂದಕ್ಕಾಗಿ ಇಫ್‌ಎರರ್ ಎಂಬ ಸೂತ್ರವನ್ನು ಹೊದಿಸಿ, ದೋಷವಿದ್ದಲ್ಲಿ ಸೊನ್ನೆ ಎಂದು ಬರೆಸುವ ಅಭ್ಯಾಸವು ಹಲವರಲ್ಲಿದೆ. ಹಾಗೆ ಮಾಡಿದರೆ ಆಗುವ ಪರಿಣಾಮವನ್ನು ನೋಡಿರಿ. ಈ ಹತ್ತು ಜಿಲ್ಲೆಗಳ ಜನಸಂಖ್ಯೆ 3,11,59,208. ಇಡೀ ರಾಜ್ಯದ ಜನಸಂಖ್ಯೆ 6,10,95,297. ಒಂದು ಸೊನ್ನೆಯ ಹೊದಿಕೆಯ ಕೆಳಗೆ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು ಜನರು ಮರೆಯಾಗುತ್ತಾರೆ!

ದೊರೆಯಲಿಲ್ಲ ಎಂಬುದಕ್ಕೂ ಸೊನ್ನೆ ಎಂಬುದಕ್ಕೂ ಇತಿಹಾಸಕಾರನ ದೃಷ್ಟಿಯಲ್ಲಿ ಅಜಗಜಾಂತರ. ಉತ್ತರವಿರಬೇಕಾದ ಕೋಶವು ಬರಿದಾಗಿದ್ದರೂ ವಿಲುಕಪ್ ಸೂತ್ರವು ಸೊನ್ನೆಯನ್ನೇ ತಂದುಕೊಡುವುದೆಂಬುದನ್ನು ಇಲ್ಲಿಯೇ ನೆನಪಿಡಬೇಕು. ಆದುದರಿಂದ ಮಾಹಿತಿಯಿಲ್ಲದ ಕೋಶವನ್ನು ಬರಿದಾಗಿ ಬಿಡದೆ 'ಮಾಹಿತಿ ಇಲ್ಲ' ಎಂದೇ ಬರೆಯತಕ್ಕದ್ದು. ದೋಷಸೂಚನೆಯ ಬದಲಿಗೆ ಏನನ್ನಾದರೂ ಬರೆಸಲೇಬೇಕಾದರೆ 'ದೊರೆಯಲಿಲ್ಲ' ಎಂದು ಬರೆಸತಕ್ಕದ್ದು.

6. ಹೆಸರು ಒಂದು, ಪ್ರದೇಶ ಬೇರೆ

ಇಲ್ಲಿಯವರೆಗೆ ಹೇಳಿದುವು ಸೂತ್ರದ ಅಥವಾ ಬರಹದ ದೋಷಗಳು. ಸೂತ್ರವೂ ಬರಹವೂ ನಿರ್ದುಷ್ಟವಾಗಿದ್ದು ಉತ್ತರವು ಮಾತ್ರ ತಪ್ಪಾಗುವ ಸಂದರ್ಭವೊಂದುಂಟು. 2001 ಮತ್ತು 2011ರ ಗಣತಿಗಳನ್ನು ಹೋಲಿಸುವ ವಿದ್ಯಾರ್ಥಿಯೊಬ್ಬನು ಗುಲ್ಬರ್ಗ ಎಂಬ ಸೂಚಕವನ್ನು ಹಿಡಿದು ಹುಡುಕುತ್ತಾನೆ. ಎರಡು ಪಟ್ಟಿಗಳಲ್ಲಿಯೂ ಹೆಸರು ಒಂದೇ. 2001ರಲ್ಲಿ 31,30,922, 2011ರಲ್ಲಿ 25,66,326. ಹತ್ತು ವರ್ಷಗಳಲ್ಲಿ ಜನಸಂಖ್ಯೆಯು ಶೇಕಡಾ 18ರಷ್ಟು ಕುಗ್ಗಿತೆಂದು ಪಟ್ಟಿಯು ಸಾರುತ್ತದೆ. ಬರಗಾಲ, ವಲಸೆ ಎಂದು ಕಾರಣಗಳನ್ನು ಕಲ್ಪಿಸುವುದೂ ಕಷ್ಟವಲ್ಲ.

ವಾಸ್ತವವೇ ಬೇರೆ. 2009ರ ಡಿಸೆಂಬರಿನಲ್ಲಿ ಯಾದಗಿರಿಯು ಗುಲ್ಬರ್ಗದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 2011ರಲ್ಲಿ ಯಾದಗಿರಿಯ ಜನಸಂಖ್ಯೆ 11,74,271. ಇದನ್ನು ಕೂಡಿಸಿದರೆ ಹಳೆಯ ಜಿಲ್ಲೆಯ ಪ್ರದೇಶದಲ್ಲಿ 37,40,597 ಜನರಿದ್ದರೆಂದು ತಿಳಿಯುತ್ತದೆ. ಕುಗ್ಗಿದ್ದು ಜನಸಂಖ್ಯೆಯಲ್ಲ, ಜಿಲ್ಲೆ. ಜನಸಂಖ್ಯೆಯು ಶೇಕಡಾ 19ಕ್ಕೂ ಹೆಚ್ಚಾಗಿ ಬೆಳೆದಿತ್ತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಯು ಬೇರ್ಪಟ್ಟು ಜಿಲ್ಲೆಗಳ ಸಂಖ್ಯೆ 31 ಆಗಿರುವುದರಿಂದ, 2011ರ ಬಳ್ಳಾರಿಯ ಅಂಕಿಯನ್ನು ಈಗಿನ ಬಳ್ಳಾರಿಯ ಅಂಕಿಗೆ ಹೋಲಿಸುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಸೂತ್ರವು ಹೋಲಿಸುವುದು ಅಕ್ಷರಗಳನ್ನು. ಆ ಅಕ್ಷರಗಳು ನಿರ್ದೇಶಿಸುವ ವಸ್ತುವನ್ನಲ್ಲ. ಶಾಸನದಲ್ಲಿ ಬಂದ ಊರಿನ ಹೆಸರು ಈಗಿನ ಯಾವ ಊರಿಗೆ ಸಲ್ಲುವುದೆಂದು ನಿಷ್ಕರ್ಷಿಸುವಾಗ ನಾವು ತೋರುವ ಎಚ್ಚರವೇ ಇಲ್ಲಿಯೂ ಸಲ್ಲತಕ್ಕದ್ದು. ಆ ನಿಷ್ಕರ್ಷೆಯನ್ನು ಯಾವ ಸೂತ್ರವೂ ನಮ್ಮ ಪರವಾಗಿ ಮಾಡಿಕೊಡಲಾರದು.

7. ಪಾಲಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ಒಂದು ಕಾರ್ಯಕ್ರಮವು ಸಿದ್ಧಿಸುತ್ತದೆ. ಮೊದಲು, ಮೂಲಪಟ್ಟಿಯನ್ನು ಮುಟ್ಟದೆ ಅದರ ಪ್ರತಿಯೊಂದರ ಮೇಲೆ ಕೆಲಸ ಮಾಡಬೇಕು. ಅನಂತರ, ಹಳೆಯ ಹೆಸರು, ಹೊಸ ಹೆಸರು, ಸಂಕೇತಸಂಖ್ಯೆ, ಗಡಿ ಬದಲಾದ ವರ್ಷ ಇವುಗಳನ್ನೊಳಗೊಂಡ ಒಂದು ಸಮನ್ವಯ ಪಟ್ಟಿಯನ್ನು ತಯಾರಿಸಿ, ಹುಡುಕುವಿಕೆಯನ್ನೆಲ್ಲ ಅದರ ಮೂಲಕವೇ ನಡೆಸಬೇಕು. ಸೂಚಕಗಳು ಅನನ್ಯವೆಂದು ಎಣಿಸಿ ನೋಡಬೇಕು. ಹುಡುಕುವ ಬಗೆಯನ್ನು ಸ್ಪಷ್ಟವಾಗಿ ಬರೆಯಬೇಕು.

ಫಲ ಬಂದ ಮೇಲೆ ಮೂರು ಪರೀಕ್ಷೆಗಳನ್ನು ಮಾಡಬೇಕು. ಒಂದು, ಎಷ್ಟು ಸಾಲುಗಳಿಗೆ ಉತ್ತರ ದೊರೆಯಿತು, ಎಷ್ಟಕ್ಕೆ ದೊರೆಯಲಿಲ್ಲವೆಂಬ ಎಣಿಕೆ. ಎರಡು, ಬಂದ ಅಂಕಿಗಳ ಮೊತ್ತವು ಮೂಲದಲ್ಲಿ ಅಚ್ಚಾಗಿರುವ ಒಟ್ಟು ಮೊತ್ತಕ್ಕೆ ಸರಿಹೋಗುವುದೇ ಎಂಬ ತಾಳೆ. ಮೂವತ್ತು ಜಿಲ್ಲೆಗಳ ಮೊತ್ತವು 6,10,95,297 ಆಗದಿದ್ದರೆ ಎಲ್ಲಿಯೋ ದೋಷವಿದೆಯೆಂದೇ ಅರ್ಥ. ಮೂರು, ಪಟ್ಟಿಯ ಮೊದಲು, ನಡು, ಕಡೆಗಳಿಂದ ಕೆಲವು ಸಾಲುಗಳನ್ನು ಆರಿಸಿ ಮೂಲಗ್ರಂಥದೊಡನೆ ಕಣ್ಣಾರೆ ಹೋಲಿಸುವುದು. ಸಂಶೋಧನ ಪ್ರಬಂಧಗಳಲ್ಲಿ ಸಮನ್ವಯ ಪಟ್ಟಿಯನ್ನೂ ಉತ್ತರ ದೊರೆಯದ ಸಾಲುಗಳನ್ನೂ ಅನುಬಂಧವಾಗಿ ಕೊಡುವುದಾದರೆ ಪರೀಕ್ಷಕರಿಗೂ ಮುಂದಿನ ಸಂಶೋಧಕರಿಗೂ ಮಹೋಪಕಾರವಾಗುತ್ತದೆ.

ಆಕರಗಳ ವಿಮರ್ಶೆಯು ಇತಿಹಾಸದ ಪ್ರಥಮ ಪಾಠ. ದಾಖಲೆಯನ್ನು ಯಾರು ಬರೆದರು, ಯಾವಾಗ ಬರೆದರು, ಏನನ್ನು ಕುರಿತು ಬರೆದರು ಎಂದು ಕೇಳದೆ ನಾವು ಅದನ್ನು ಒಪ್ಪುವುದಿಲ್ಲ. ಕಂಪ್ಯೂಟರು ತಂದಿಟ್ಟ ಅಂಕಿಯೂ ಒಂದು ದಾಖಲೆಯೇ. ಅದು ಯಾವ ಸಾಲಿನಿಂದ ಬಂದಿತು, ಆ ಸಾಲು ಯಾವ ಪ್ರದೇಶವನ್ನು ಕುರಿತದ್ದು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಪಡೆದ ಮೇಲೆಯೇ ಅದನ್ನು ಪ್ರಬಂಧದಲ್ಲಿ ಉಪಯೋಗಿಸತಕ್ಕದ್ದು.